ಹೀಟರ್ ಹಾಕಿದರೆ ತಣ್ಣನೆ ಗಾಳಿ: ಕೋಲಾರದ ಒಂದು ಟೊಮೆಟೊ ಲಾರಿಯ ಏರ್ ಲಾಕ್ ಪ್ರಕರಣ

ಡಿಸೆಂಬರ್ ತಿಂಗಳ ಒಂದು ರಾತ್ರಿ, ಎರಡು ಗಂಟೆ ಹೊತ್ತಿಗೆ ನಮ್ಮ ಗ್ಯಾರೇಜಿಗೆ ಬರುವ ಒಂದು ಲಾರಿಯ ಡ್ರೈವರ್ ಫೋನ್ ಮಾಡಿದರು. ಗಾಡಿ ಗ್ವಾಲಿಯರ್ ದಾಟಿತ್ತು. ಹಿಂದೆ 15 ಕೆಜಿಯ ಸಾವಿರ ಬಾಕ್ಸ್ ಟೊಮೆಟೊ.

"ಅಣ್ಣಾ, ಹೀಟರ್ ಫುಲ್ ಇಟ್ಟಿದೀನಿ, ಬರೋದು ಬರೀ ತಣ್ಣನೆ ಗಾಳಿ. ಮಂಜು ಜಾಸ್ತಿ ಇದೆ. ಗ್ಲಾಸು ಒಳಗಡೆಯಿಂದ ಮಸುಕಾಗ್ತಿದೆ. ಒರೆಸಿ ಒರೆಸಿ ಸಾಕಾಯ್ತು."

ಟೆಂಪರೇಚರ್ ಮುಳ್ಳು ಎಲ್ಲಿದೆ ಅಂತ ಕೇಳಿದೆ. ಒಂದು ಕಡೆ ನಿಲ್ಲುತ್ತಿಲ್ಲ ಅಂದರು. ಏರು ಸಿಕ್ಕರೆ ಮೇಲೆ ಹೋಗುತ್ತದೆ, ಆಮೇಲೆ ಇದ್ದಕ್ಕಿದ್ದ ಹಾಗೆ ಸರ್ರನೆ ಇಳಿಯುತ್ತದೆ. ಡ್ಯಾಶ್‌ಬೋರ್ಡ್ ಒಳಗಿಂದ ಗುಳುಗುಳು ಸದ್ದು ಬೇರೆ, ಅರ್ಧ ತುಂಬಿದ ಬಿಂದಿಗೆ ಅಲ್ಲಾಡಿಸಿದ ಹಾಗೆ.

ಇಷ್ಟು ಕೇಳಿದ ಮೇಲೆ ಅನುಮಾನ ಉಳಿಯಲಿಲ್ಲ. ಕೂಲೆಂಟ್, ಅಂದರೆ ಇಂಜಿನ್ ತಂಪಾಗಿಡುವ ದ್ರವ, ಇರಬೇಕಾದ ಜಾಗದಲ್ಲಿ ಗಾಳಿ ಸೇರಿದೆ. ಏರ್ ಲಾಕ್ ಅನ್ನುವುದು ಇದಕ್ಕೇ. ಹತ್ತಿರದ ಢಾಬಾದಲ್ಲಿ ಗಾಡಿ ನಿಲ್ಲಿಸಿ, ಬೆಳಗ್ಗೆವರೆಗೂ ಕೂಲೆಂಟ್ ಟ್ಯಾಂಕಿನ ಕ್ಯಾಪ್ ಮುಟ್ಟಬೇಡಿ, ತಣ್ಣಗಾದ ಮೇಲೆ ಕ್ಯಾನಿನಲ್ಲಿರುವ ಕೂಲೆಂಟ್ ಹಾಕಿ ನಿಧಾನಕ್ಕೆ ಹೋಗಿ ಅಂದೆ. ಹಾಗೇ ಮಾಡಿದರು. ಲೋಡು ದೆಹಲಿಯ ಆಜಾದ್‌ಪುರ ಮಂಡಿಗೆ ಅರ್ಧ ದಿನ ತಡವಾಗಿ ಮುಟ್ಟಿತು. ಟೊಮೆಟೊಗೆ ಅರ್ಧ ದಿನ ಅಂದರೆ ಸಣ್ಣ ವಿಷಯ ಅಲ್ಲ.

ನಮ್ಮ ಕಡೆ ಓಡುವ ಲಾರಿಗಳಿಗೆ ಹೀಟರ್ ಬೇಕಾಗುವುದು ಅಪರೂಪ. ಆದರೆ ಕೋಲಾರದ ಎಪಿಎಂಸಿ ಮಾರ್ಕೆಟ್ಟಿಂದ ಟೊಮೆಟೊ ತುಂಬಿಕೊಂಡು ಉತ್ತರಕ್ಕೆ ಹೋಗುವ ಗಾಡಿಗಳ ಕಥೆ ಬೇರೆ. ಚಿಂತಾಮಣಿ, ಚಿಕ್ಕಬಳ್ಳಾಪುರ ದಾಟಿ 44ನೇ ಹೆದ್ದಾರಿ ಹಿಡಿದರೆ ಹೈದರಾಬಾದ್, ನಾಗಪುರ, ಝಾನ್ಸಿ, ಆಗ್ರಾ. ಡಿಸೆಂಬರ್, ಜನವರಿಯಲ್ಲಿ ಝಾನ್ಸಿ ದಾಟಿದ ಮೇಲೆ ಹೀಟರ್ ಇಲ್ಲದಿದ್ದರೆ ಗ್ಲಾಸಿನ ಮಸುಕು ಹೋಗುವುದಿಲ್ಲ. ಮುಂದೆ ನಿಂತ ಟ್ರ್ಯಾಕ್ಟರ್ ಕಾಣುವುದಿಲ್ಲ. ಹಾಗಾಗಿ ಇದನ್ನು ನಾನು ಸೌಕರ್ಯದ ತಾಪತ್ರಯ ಅಂತ ನೋಡಲಿಲ್ಲ, ಜೀವದ ವಿಷಯ ಅಂತಲೇ ನೋಡಿದೆ.

ಶುರುವಾಗಿದ್ದು ನಮ್ಮ ಕೈಯಿಂದಲೇ

ಗಾಡಿ ಹತ್ತು ಚಕ್ರದ್ದು, ಆರು ಸಿಲಿಂಡರ್ ಇಂಜಿನ್. ಹೊರಡುವ ದಿನ ಸಂಜೆ ಮಾರ್ಕೆಟ್ ಯಾರ್ಡಿನಲ್ಲೇ ರೇಡಿಯೇಟರ್ ಮೇಲಿನ ಹೋಸ್ ಪೈಪ್ ಒಡೆದಿತ್ತು. ನಮ್ಮ ಹುಡುಗರು ಹೋಗಿ ಬೇರೆ ಪೈಪ್ ಹಾಕಿದರು. ಲೋಡಿಂಗ್ ಮುಗಿದಿತ್ತು, ಎಲ್ಲರಿಗೂ ಅವಸರ. ಯಾರ್ಡಿನ ಡ್ರಮ್ಮಿನಿಂದ ಬೋರ್‌ವೆಲ್ ನೀರನ್ನು ಪೈಪಿನಲ್ಲೇ ಬಿಟ್ಟು, ಬಾಯಿವರೆಗೂ ತುಂಬಿತು ಅಂತ ಕ್ಯಾಪ್ ಹಾಕಿ ಕಳಿಸಿದ್ದರು. ಎಷ್ಟು ಲೀಟರ್ ಹಿಡಿಯಿತು ಅಂತ ಯಾರೂ ನೋಡಲಿಲ್ಲ. ನಾನೂ ಕೇಳಲಿಲ್ಲ. ಇದು ನನ್ನ ತಪ್ಪು, ಹುಡುಗರದ್ದಲ್ಲ.

ಬಾಯಿವರೆಗೂ ತುಂಬಿತು ಅಂದರೆ ಒಳಗೂ ತುಂಬಿತು ಅಂತಲ್ಲ. ನೀರು ತಗ್ಗು ಹುಡುಕುತ್ತದೆ, ಗಾಳಿ ಎತ್ತರ ಹುಡುಕುತ್ತದೆ. ಹೀಟರ್ ಅಂದರೆ ಡ್ಯಾಶ್‌ಬೋರ್ಡ್ ಒಳಗೆ ಕೂತಿರುವ ಒಂದು ಪುಟ್ಟ ರೇಡಿಯೇಟರ್. ಇಂಜಿನ್ನಿನ ಬಿಸಿ ಕೂಲೆಂಟ್ ಅದರೊಳಗೆ ಹಾದು ಹೋಗಬೇಕು, ಬ್ಲೋವರ್ ಅದರ ಮೇಲೆ ಗಾಳಿ ಊದಬೇಕು. ಅದಕ್ಕೆ ಹೋಗುವ ಪೈಪುಗಳು ತೆಳು, ಏರಿ ಇಳಿಯುತ್ತವೆ. ಆ ಏರಿನ ತುದಿಯಲ್ಲಿ ಗಾಳಿ ಕೂತುಬಿಟ್ಟರೆ ಸಣ್ಣಗೆ ಓಡುವ ಇಂಜಿನ್ನಿನಲ್ಲಿ ವಾಟರ್ ಪಂಪಿನ ತಳ್ಳು ಅದನ್ನು ದಾಟಿಸಲಾರದು. ಇಂಜಿನ್ ಕುದಿಯುತ್ತಿದ್ದರೂ ಹೀಟರ್ ತಣ್ಣಗೆ.

ಮುಳ್ಳಿನ ಆಟಕ್ಕೂ ಇದೇ ಕಾರಣ. ಟೆಂಪರೇಚರ್ ಸೆನ್ಸರ್ ಕೂಲೆಂಟಿನಲ್ಲಿ ಮುಳುಗಿದ್ದರೆ ಮಾತ್ರ ಸರಿ ಹೇಳುತ್ತದೆ. ಅದರ ಸುತ್ತ ಗಾಳಿ ಬಂದರೆ ಮುಳ್ಳು ಇಳಿಯುತ್ತದೆ, ಇಂಜಿನ್ ಮಾತ್ರ ಸುಡುತ್ತಲೇ ಇರುತ್ತದೆ. ಎಷ್ಟೋ ಡ್ರೈವರ್‌ಗಳು ಮುಳ್ಳು ಇಳಿಯಿತಲ್ಲ ಅಂತ ಸಮಾಧಾನ ಮಾಡಿಕೊಂಡು ಗಾಡಿ ಎಳೆಯುತ್ತಾರೆ. ಏರಿಳಿಯುವ ಮುಳ್ಳು ಕಂಡರೆ ಗಾಡಿ ನಿಲ್ಲಿಸಬೇಕು.

ಇನ್ನೊಂದು ಮಾತು. ಕೋಲಾರ ಸಮುದ್ರಮಟ್ಟದಿಂದ 800 ಮೀಟರಿಗಿಂತ ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯಲ್ಲಿ ಬರೀ ನೀರು 97 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. 1 ಬಾರ್ ಒತ್ತಡ ಹಿಡಿಯುವ ಕ್ಯಾಪ್ ಸರಿಯಾಗಿದ್ದರೆ ಕುದಿಯುವ ಬಿಂದು 20 ಡಿಗ್ರಿಗೂ ಜಾಸ್ತಿ ಮೇಲೇರುತ್ತದೆ. ಸಡಿಲ ಕ್ಯಾಪ್, ಬರೀ ನೀರು, ಒಳಗೆ ಗಾಳಿ, ಮೂರೂ ಸೇರಿದರೆ ಸಿಲಿಂಡರ್ ಹೆಡ್ಡಿನ ಬಿಸಿ ಜಾಗದಲ್ಲಿ ಆವಿ ಎದ್ದು ಇನ್ನಷ್ಟು ನೀರನ್ನು ಹೊರಗೆ ದೂಡುತ್ತದೆ.

ಮೊದಲ ಸಲ ಗಾಳಿ ತೆಗೆದಿದ್ದು

ಗಾಡಿ ವಾಪಸ್ ಬಂದ ಮೇಲೆ ಒಂದು ರಾತ್ರಿ ಪೂರ್ತಿ ತಣ್ಣಗಾಗಲು ಬಿಟ್ಟೆ. ಬೆಳಗ್ಗೆ ರೇಡಿಯೇಟರ್ ಮತ್ತು ಇಂಜಿನ್ ಬ್ಲಾಕಿನ ಡ್ರೈನ್ ಬಿಚ್ಚಿ, ಲೀಟರ್ ಗುರುತು ಹಾಕಿದ ಬಕೆಟ್ಟಿಗೆ ಇಳಿಸಿದೆ. ಹದಿನೆಂಟೂವರೆ ಲೀಟರ್ ಬಂತು. ಗಾಡಿಯ ಪುಸ್ತಕದಲ್ಲಿ ಬರೆದಿರುವುದು 24 ಲೀಟರ್. ಡ್ರೈನಿನಿಂದ ಬರದೆ ಮೂಲೆಗಳಲ್ಲಿ ಉಳಿಯುವುದು ಒಂದೂವರೆ ಲೀಟರ್ ಅಂತ ಹಿಡಿದರೂ, ಇನ್ನೂ 4 ಲೀಟರ್ ಜಾಗದಲ್ಲಿ ಗಾಳಿ ಇತ್ತು. ಗಾಡಿ ಆ ಸ್ಥಿತಿಯಲ್ಲಿ ದೆಹಲಿಗೆ ಹೋಗಿ ಬಂದಿತ್ತು.

ಬಂದಿದ್ದು ಕೂಲೆಂಟಿನ ಬಣ್ಣವೇ ಅಲ್ಲ, ಚಹಾದ ಬಣ್ಣ. ನಮ್ಮ ಜಿಲ್ಲೆಯ ಬೋರ್‌ವೆಲ್ ನೀರು ಗಡಸು, ಕುಡಿಯುವುದಕ್ಕೇ ಫ್ಲೋರೈಡ್ ಕಾಟ ಇರುವ ನೀರು. ಮನೆಯ ಹಂಡೆಯ ತಳದಲ್ಲಿ ಕಟ್ಟುವ ಬಿಳಿ ಪೊರೆ ರೇಡಿಯೇಟರ್ ಒಳಗೂ ಕಟ್ಟುತ್ತದೆ. ಹಾಗಾಗಿ ಎರಡು ಸಲ ತೊಳೆದು, ಅರ್ಧ ಕೂಲೆಂಟ್, ಅರ್ಧ ಡಿಸ್ಟಿಲ್ಡ್ ವಾಟರ್ ಬೆರೆಸಿಟ್ಟುಕೊಂಡೆವು. ತೆಗೆದ ಹಳೇ ನೀರನ್ನು ರಸ್ತೆ ಪಕ್ಕ ಚೆಲ್ಲಬೇಡಿ. ಕೂಲೆಂಟ್ ಸಿಹಿ ಇರುತ್ತದೆ, ನಾಯಿ, ಕರು ನೆಕ್ಕುತ್ತವೆ, ನೆಕ್ಕಿದರೆ ಮೂತ್ರಪಿಂಡ ಹೋಗುತ್ತದೆ. ಮನೆಮನೆಗೂ ಹಸು ಇರುವ ಊರು ನಮ್ಮದು.

ಇಂಜಿನ್ ಬಿಸಿಯಾದ ಮೇಲಷ್ಟೇ ಕೂಲೆಂಟನ್ನು ರೇಡಿಯೇಟರಿಗೆ ಬಿಡುವ ಥರ್ಮೋಸ್ಟಾಟ್ ವಾಲ್ವ್ ಬಿಚ್ಚಿ ನೋಡಿದೆ, ಸರಿ ಇತ್ತು. ಅದರ ಅಂಚಿನಲ್ಲಿ ಗಾಳಿ ಹೋಗಲಿ ಅಂತ ಸಣ್ಣ ತೂತು, ಅದರೊಳಗೆ ಅಲ್ಲಾಡುವ ಪಿನ್ ಇರುತ್ತದೆ. ಅದು ಮೇಲ್ಗಡೆಗೆ ಬರುವ ಹಾಗೆ ಕೂರಿಸಬೇಕು. ತಲೆಕೆಳಗಾಗಿ ಕೂರಿಸಿದರೆ ವಾಲ್ವ್ ಕೆಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ, ಬಿಸಿ ನೀರು ತಾಗದೆ ವಾಲ್ವ್ ತಡವಾಗಿ ತೆರೆಯುತ್ತದೆ.

ಗಾಡಿ ನಿಲ್ಲಿಸುವ ವಿಷಯದಲ್ಲಿ ಒಂದು ಗೊಂದಲ ಇದೆ. ಗಾಳಿ ತೆಗೆಯಲು ಮೂತಿ ಎತ್ತಿ ನಿಲ್ಲಿಸಿ ಅಂತ ಎಲ್ಲರೂ ಹೇಳುತ್ತಾರೆ. ರೇಡಿಯೇಟರ್ ಬಾಯಿ ಮುಂದಿರುವ ಕಾರಿಗೆ ಅದು ಸರಿ. ಈ ಲಾರಿಯಲ್ಲಿ ಕೂಲೆಂಟ್ ಹಾಕುವ ಟ್ಯಾಂಕ್ ಇರುವುದು ಕ್ಯಾಬಿನ್ ಹಿಂದೆ. ಮೂತಿ ಎತ್ತಿದರೆ ಹೀಟರ್ ಮೇಲಾಗುತ್ತದೆ, ಟ್ಯಾಂಕ್ ಕೆಳಗಾಗುತ್ತದೆ. ನಮಗೆ ಬೇಕಾದ್ದಕ್ಕೆ ಉಲ್ಟಾ ಆಯ್ತಲ್ವಾ? ಕೂಲೆಂಟ್ ಹಾಕುವ ಬಾಯಿ ಎಲ್ಲಕ್ಕಿಂತ ಎತ್ತರದಲ್ಲಿ ಇರಬೇಕು, ಲೆಕ್ಕ ಅಷ್ಟೇ. ನಾವು ಸಮತಟ್ಟು ನೆಲದಲ್ಲಿ ನಿಲ್ಲಿಸಿದೆವು. ಕೆಲಸಕ್ಕೆ ಎತ್ತಿದ್ದ ಕ್ಯಾಬಿನ್ನನ್ನು ಇಳಿಸಿ ಲಾಕ್ ಮಾಡಿದೆವು. ಕ್ಯಾಬಿನ್ ಎತ್ತಿದ್ದಾಗ ಹೀಟರ್ ಓರೆಯಾಗಿರುತ್ತದೆ, ಆಗ ತೆಗೆದ ಗಾಳಿ ತೆಗೆದ ಲೆಕ್ಕಕ್ಕೆ ಬರುವುದಿಲ್ಲ.

ಹೀಟರ್ ಗುಂಡಿಯನ್ನು ಪೂರ್ತಿ ಬಿಸಿ ಕಡೆ ತಿರುಗಿಸಿದೆ, ಅದರ ವಾಲ್ವ್ ತೆರೆದಿರಲಿ ಅಂತ. ಥರ್ಮೋಸ್ಟಾಟ್ ಹೌಸಿಂಗ್ ಮೇಲಿನ ಗಾಳಿ ಸ್ಕ್ರೂ ಸಡಿಲ ಮಾಡಿದೆ. ಆಮೇಲೆ ಒಂದು ಲೀಟರ್ ಜಗ್ಗಿನಲ್ಲಿ, ತೆಳ್ಳಗೆ ದಾರದ ಹಾಗೆ ಹಾಕುತ್ತಾ ಹೋದೆ. ಜೋರಾಗಿ ಸುರಿದರೆ ನೀರೇ ಗಾಳಿಯ ದಾರಿಗೆ ಬಿರಡೆ ಹಾಕುತ್ತದೆ.

ಹದಿನೇಳನೇ ಲೀಟರಿಗೆ ಮಟ್ಟ ನಿಂತಿತು. ನಿಂತಿತು ಅಂತ ಬಿಡಬಾರದು. ಮೇಲಿನ ಹೋಸನ್ನು ಎರಡೂ ಕೈಯಲ್ಲಿ ಹಿಡಿದು, ಹಸುವಿನ ಕೆಚ್ಚಲು ಹಿಂಡುವ ಹಾಗೆ ಹಿಂಡಿ ಬಿಟ್ಟೆ. ಟ್ಯಾಂಕಿನಲ್ಲಿ ಬುಳುಕ್ ಅಂತ ಒಂದು ದೊಡ್ಡ ಗುಳ್ಳೆ, ಮಟ್ಟ ನಾಲ್ಕು ಬೆರಳು ಇಳಿಯಿತು. ಮತ್ತೆ ಹಾಕಿದೆ, ಮತ್ತೆ ಹಿಂಡಿದೆ. ಸ್ಕ್ರೂ ಹತ್ತಿರ ಮೊದಲು ಬುಸ್ ಅಂದಿತು, ಆಮೇಲೆ ನೊರೆ ಉಗುಳಿತು, ಕೊನೆಗೆ ಗುಳ್ಳೆ ಇಲ್ಲದೆ ಸಣ್ಣ ಧಾರೆ ಬಂತು. ಆಗ ಬಿಗಿ ಮಾಡಿದೆ. ಹೀಟರ್ ಪೈಪಿಗೆ ಸ್ಕ್ರೂ ಇರಲಿಲ್ಲ. ವಾಪಸ್ ಬರುವ ಪೈಪ್ ಎಲ್ಲಿ ಎಲ್ಲಕ್ಕಿಂತ ಎತ್ತರದಲ್ಲಿತ್ತೋ ಅಲ್ಲಿಯ ಕ್ಲಿಪ್ ಸಡಿಲ ಮಾಡಿ, ಪೈಪನ್ನು ಸ್ವಲ್ಪ ಜಗ್ಗಿ ಹಿಡಿದೆ. ಅಲ್ಲೂ ಅದೇ ಕ್ರಮ: ಬುಸ್, ನೊರೆ, ಧಾರೆ.

ಕ್ಯಾಪ್ ತೆರೆದಿಟ್ಟೇ ಇಂಜಿನ್ ಸ್ಟಾರ್ಟ್ ಮಾಡಿದೆವು. ಥರ್ಮೋಸ್ಟಾಟ್ 82 ಡಿಗ್ರಿಯದ್ದು, ಅಲ್ಲಿವರೆಗೆ ಕಾಯಬೇಕು. ತೆರೆದ ಕೂಡಲೇ ಟ್ಯಾಂಕಿನ ಮಟ್ಟ ಗಪ್ಪನೆ ಇಳಿಯಿತು, ತುಂಬಿದೆ. ಇಂಜಿನ್ನನ್ನು 1500 ಸುತ್ತಿನಲ್ಲಿ ಹತ್ತು ನಿಮಿಷ ಹಿಡಿದೆವು. ಹೀಟರಿನ ಎರಡೂ ಪೈಪ್ ಮುಟ್ಟಿ ನೋಡಿದೆ. ಶುರುವಿನಲ್ಲಿ ಒಂದು ಬಿಸಿ, ಒಂದು ತಣ್ಣಗೆ ಇತ್ತು. ಈಗ ಎರಡೂ ಕೈ ಇಡಲಾಗದಷ್ಟು ಬಿಸಿ. ಒಟ್ಟು ಹಿಡಿದಿದ್ದು ಇಪ್ಪತ್ತೆರಡೂವರೆ ಲೀಟರ್. ಒಳಗೆ ಉಳಿದಿದ್ದ ಒಂದೂವರೆ ಸೇರಿದರೆ 24. ಲೆಕ್ಕ ಕೂಡಿತು.

ಮುಳಬಾಗಿಲಿಗೆ ಹೋಗಿ ಬಂದೆವು. ಮಾರನೇ ದಿನ ಬೆಳಗ್ಗೆ ಮಟ್ಟ ನೋಡಿ, ಇಳಿದಿದ್ದ ಅರ್ಧ ಲೀಟರ್ ಹಾಕಿ, ಟ್ಯಾಂಕಿನ ಮೇಲೆ ಬಿಳಿ ಪೇಂಟಿನಲ್ಲಿ ಗೆರೆ ಎಳೆದೆ. ಕೆಲಸ ಮುಗಿಯಿತು ಅಂದುಕೊಂಡೆ.

ಗಾಳಿ ಮತ್ತೆ ಬಂತು

ಒಂಬತ್ತು ದಿನಕ್ಕೆ ಫೋನ್ ಬಂತು. ಮತ್ತೆ ಗುಳುಗುಳು. ಮಟ್ಟ ಗೆರೆಗಿಂತ ಎರಡು ಬೆರಳು ಕೆಳಗೆ. ಹೊರಗೆ ಎಲ್ಲೂ ಸೋರಿದ ಗುರುತಿಲ್ಲ. ನಾನೇ ಎಲ್ಲೋ ಗಾಳಿ ಬಿಟ್ಟಿರಬೇಕು ಅಂದುಕೊಂಡು, ಗಾಡಿ ಬಂದಾಗ ಮತ್ತೆ ಅದೇ ಕೆಲಸ ಮಾಡಿ ಕಳಿಸಿದೆ. ಈ ಸಲ ಐದೇ ದಿನಕ್ಕೆ ವಾಪಸ್.

ಡ್ರೈವರ್ ಬೇಸರದಿಂದಲೇ ಕೇಳಿದರು: "ಅಣ್ಣಾ, ಗಾಳಿ ತೆಗೆದು ತೆಗೆದು ಕಳಿಸ್ತೀರಿ. ಅದು ಎಲ್ಲಿಂದ ಬರ್ತಿದೆ ಅಂತ ನೋಡಿದ್ರಾ?"

ನೋಡಿರಲಿಲ್ಲ. ಮೊದಲ ಸಲದ ಗಾಳಿ ನಾವು ಬಿಟ್ಟಿದ್ದು, ಅದು ಗೊತ್ತಿತ್ತು. ಅದರಿಂದಲೇ ಎರಡನೇ ಸಲದ್ದೂ ಹಾಗೇ ಅಂತ ನಂಬಿಕೊಂಡಿದ್ದೆ. ಚೆನ್ನಾಗಿ ಗಾಳಿ ತೆಗೆದ ಗಾಡಿಯಲ್ಲಿ ಗಾಳಿ ಮತ್ತೆ ಕಂಡರೆ ಅದು ಹೊಸ ಗಾಳಿ, ಎಲ್ಲಿಂದಲೋ ಒಳಗೆ ಬರುತ್ತಿದೆ. ಇದು ತಲೆಗೆ ಹೊಳೆಯಲು ನನಗೆ ಎರಡು ಟ್ರಿಪ್ ಬೇಕಾಯಿತು.

ಅಷ್ಟರಲ್ಲಿ ಓನರ್ ಬೇರೆ ಕಡೆ ತೋರಿಸಿದ್ದರು. ಹೆಡ್ ಗ್ಯಾಸ್ಕೆಟ್ ಹೋಗಿದೆ, ಹೆಡ್ ಇಳಿಸಬೇಕು, 40,000 ಮೇಲಾಗುತ್ತದೆ ಅಂದಿದ್ದರಂತೆ. ಅನುಮಾನ ತಪ್ಪಲ್ಲ. ಸಿಲಿಂಡರ್ ಹೆಡ್ಡಿಗೂ ಬ್ಲಾಕಿಗೂ ನಡುವೆ ಸೀಲ್ ಆಗಿ ಕೂತಿರುವ ಆ ಗ್ಯಾಸ್ಕೆಟ್ ಹೋದರೆ ಸಿಲಿಂಡರಿನ ಹೊಗೆ ಕೂಲೆಂಟಿಗೆ ನುಗ್ಗುತ್ತದೆ, ಟ್ಯಾಂಕಿನಲ್ಲಿ ಗುಳ್ಳೆ ಬರುತ್ತದೆ. ಆದರೆ ನೋಡದೆ ಹೆಡ್ ಬಿಚ್ಚುವುದಕ್ಕೆ ನಾನು ಒಪ್ಪಲಿಲ್ಲ.

ತಣ್ಣಗಿನ ಇಂಜಿನ್ನಿಗೆ ಕೈಪಂಪಿನಿಂದ 1 ಬಾರ್ ಒತ್ತಡ ಕೊಟ್ಟು ಕಾಲು ಗಂಟೆ ಬಿಟ್ಟೆ. ಮುಳ್ಳು ಒಂದು ಗೆರೆಯಷ್ಟು ಇಳಿಯಿತು. ಪಂಪಿನ ರಬ್ಬರ್ ಸರಿಯಾಗಿ ಕೂತಿಲ್ಲ ಅಂತ ಅದನ್ನು ಅಲ್ಲಿಗೇ ಬಿಟ್ಟೆ. ಬಿಡಬಾರದಿತ್ತು, ಅದು ಆಮೇಲೆ ಗೊತ್ತಾಯಿತು. ಕ್ಯಾಪ್ ಸರಿ ಇತ್ತು. ವಾಟರ್ ಪಂಪಿಗೆ ಹೋಗುವ ಕೆಳಗಿನ ಹೋಸ್ ಪಂಪ್ ಎಳೆಯುವ ಕಡೆಯದ್ದು, ಸಡಿಲ ಇದ್ದರೆ ನೀರು ಸೋರದೆ ಗಾಳಿ ಎಳೆದುಕೊಳ್ಳಬಹುದು. ಅದರ ಕ್ಲಿಪ್ ಬದಲಾಯಿಸಿದೆ, ಪ್ರಯೋಜನ ಆಗಲಿಲ್ಲ. ಇಜಿಆರ್, ಅಂದರೆ ಹೊಗೆಯ ಒಂದು ಪಾಲನ್ನು ವಾಪಸ್ ಇಂಜಿನ್ನಿಗೇ ಕಳಿಸುವ ವ್ಯವಸ್ಥೆ, ಇರುವ ಗಾಡಿಗಳಲ್ಲಿ ಅದರ ಕೂಲರ್ ಒಳಗೆ ಬಿರುಕು ಬಿಟ್ಟರೂ ಹೊಗೆ ಕೂಲೆಂಟಿಗೆ ಬರುತ್ತದೆ. ಈ ಗಾಡಿಗೆ ಇಜಿಆರ್ ಇರಲಿಲ್ಲ.

ಆಮೇಲೆ ಬಣ್ಣದ ಪರೀಕ್ಷೆ. ಟ್ಯಾಂಕಿನ ಬಾಯಿಯ ಗಾಳಿಯನ್ನು ಒಂದು ನೀಲಿ ದ್ರವದ ಮೂಲಕ ಎಳೆಯುತ್ತೇವೆ. ಸಿಲಿಂಡರಿನ ಹೊಗೆ ಇದ್ದರೆ ಅದರಲ್ಲಿರುವ ಕಾರ್ಬನ್ ಡೈಆಕ್ಸೈಡಿಗೆ ನೀಲಿ ಹೋಗಿ ಹಸಿರು ಇಲ್ಲವೇ ಹಳದಿಯಾಗುತ್ತದೆ. ಐದು ನಿಮಿಷ ಎಳೆದೆ, ನೀಲಿ ನೀಲಿಯಾಗೇ ಇತ್ತು. ದ್ರವ ಹಳೆಯದಾಗಿರಬಹುದು ಅಂತ ಅದಕ್ಕೆ ಬಾಯಿಂದ ಉಸಿರು ಊದಿದೆ. ಹಳದಿಯಾಯಿತು. ಅಂದರೆ ದ್ರವ ಸರಿ ಇದೆ. ಟ್ಯಾಂಕಿನಲ್ಲಿ ಗುಳ್ಳೆ ಏಳುತ್ತಲೇ ಇದೆ, ಆದರೆ ಆ ಗುಳ್ಳೆಯಲ್ಲಿ ಹೊಗೆ ಇಲ್ಲ. ಬರೀ ಗಾಳಿ.

ಬರೀ ಗಾಳಿಯನ್ನು ಒತ್ತಡದಲ್ಲಿ ಮಾಡುವ ವಸ್ತುಗಳಲ್ಲಿ ನನ್ನ ಅನುಮಾನ ಹೋಗಿದ್ದು ಒಂದರ ಮೇಲೆ. ಬ್ರೇಕಿನ ಏರ್ ಕಂಪ್ರೆಸರ್. ಗಾಳಿ ಅಮುಕುವಾಗ ಅದರ ಹೆಡ್ ಸುಡುತ್ತದೆ, ತಂಪು ಮಾಡಲು ಇಂಜಿನ್ನಿನ ಕೂಲೆಂಟೇ ಸಣ್ಣ ಪೈಪಿನಲ್ಲಿ ಅದರೊಳಗೆ ಹೋಗಿ ಬರುತ್ತದೆ. ಗಾಳಿಗೂ ಕೂಲೆಂಟಿಗೂ ನಡುವೆ ಇರುವುದು ಒಂದು ಗ್ಯಾಸ್ಕೆಟ್.

ಗುಳ್ಳೆ ಎಣಿಸಿದ್ದು

ಕೂಲೆಂಟ್ ಟ್ಯಾಂಕಿನ ಓವರ್‌ಫ್ಲೋ ಪೈಪಿನ ತುದಿಯನ್ನು ನೀರಿನ ಬಾಟಲಿಯಲ್ಲಿ ಮುಳುಗಿಸಿ, ಟ್ಯಾಂಕಿನ ಬಾಯನ್ನು ರಬ್ಬರಿನಿಂದ ಮುಚ್ಚಿದೆ. ಬ್ರೇಕಿನ ಏರ್ ಟ್ಯಾಂಕುಗಳ ಗಾಳಿ ಪೂರ್ತಿ ಬಿಟ್ಟು ಇಂಜಿನ್ ಸ್ಟಾರ್ಟ್ ಮಾಡಿಸಿದೆ. ಹುಡುಗ ಕ್ಯಾಬಿನ್ನಲ್ಲಿ ಕೂತು ಏರ್ ಮೀಟರ್ ಓದುತ್ತಿದ್ದ, ನಾನು ಬಾಟಲಿ ನೋಡುತ್ತಿದ್ದೆ.

"ಒಂದು... ಎರಡು..." ಗುಳ್ಳೆ ಇಲ್ಲ. "ಮೂರು..." ಒಂದು ಗುಳ್ಳೆ, ಸಾಸಿವೆ ಕಾಳಿನಷ್ಟು. "ಐದು." ಈಗ ಒಂದರ ಹಿಂದೆ ಒಂದು. "ಏಳು." ಬಾಟಲಿ ಕುದಿಯುವ ಹಾಗೆ. ಎಂಟರ ಹತ್ತಿರ ಅನ್‌ಲೋಡರ್, ಅಂದರೆ ಒತ್ತಡ ಸಾಕಾದಾಗ ಕಂಪ್ರೆಸರ್ ಗಾಳಿ ತುಂಬುವುದನ್ನು ನಿಲ್ಲಿಸುವ ವಾಲ್ವ್, ಟುಸ್ ಅಂತ ಗಾಳಿ ಬಿಟ್ಟಿತು. ಗುಳ್ಳೆ ನಿಂತೇ ಹೋಯಿತು. ಇಂಜಿನ್ ಓಡುತ್ತಲೇ ಇತ್ತು.

ಬ್ರೇಕ್ ಪೆಡಲ್ ಒತ್ತಿ ಒತ್ತಿ ಗಾಳಿ ಇಳಿಸಲು ಹೇಳಿದೆ. ಕಂಪ್ರೆಸರ್ ಮತ್ತೆ ಕೆಲಸ ಶುರು ಮಾಡಿದ ಕ್ಷಣಕ್ಕೆ ಗುಳ್ಳೆಯೂ ಶುರು. ಮೂರು ಸಲ ಮಾಡಿಸಿದೆ, ಮೂರು ಸಲವೂ ಅದೇ. ಹೆಡ್ ಗ್ಯಾಸ್ಕೆಟ್ ಆಗಿದ್ದರೆ ಗುಳ್ಳೆಗೆ ಅನ್‌ಲೋಡರಿನ ಪರಿವೆ ಇರುತ್ತಿರಲಿಲ್ಲ. ಓನರ್‌ನ ಕರೆದು ಬಾಟಲಿ ತೋರಿಸಿದೆ. "ಹಂಗಾದ್ರೆ ಇಂಜಿನ್ ಹೆಡ್ ಬಿಚ್ಚೋದು ಬೇಡ್ವಾ?" ಅಂದರು. ಬೇಡ ಅಂದೆ. ಪಕ್ಕದಲ್ಲಿದ್ದ ಕಲ್ಲಿನ ಮೇಲೆ ಹಾಗೇ ಕೂತುಬಿಟ್ಟರು.

ಆಗ ಡ್ರೈವರ್ ಒಂದು ಮಾತು ಹೇಳಿದರು. ದಿನಾ ಬೆಳಗ್ಗೆ ಏರ್ ಟ್ಯಾಂಕಿನ ನೀರು ಬಿಡುವಾಗ ಸ್ವಲ್ಪ ದಿನದಿಂದ ನೀರು ಜಾಸ್ತಿ ಬರುತ್ತಿತ್ತಂತೆ, ತುಸು ಹಸಿರಾಗಿ. ಚಳಿ ಕಾಲದ ತೇವ ಅಂದುಕೊಂಡಿದ್ದರು. ಓಡುವಾಗ ಗಾಳಿ ಕೂಲೆಂಟಿಗೆ ಬರುತ್ತಿತ್ತು, ನಿಲ್ಲಿಸಿದ ಮೇಲೆ ಬಿಸಿ ಕೂಲೆಂಟಿನ ಒತ್ತಡ ಅದೇ ದಾರಿಯಲ್ಲಿ ಕಂಪ್ರೆಸರ್ ಒಳಗೆ ತೂರುತ್ತಿತ್ತು. ಮಟ್ಟ ಇಳಿದರೂ ಹೊರಗೆ ಸೋರಿಕೆ ಕಾಣದ್ದಕ್ಕೆ ಕಾರಣ ಇದು. ಕೈಪಂಪಿನ ಮುಳ್ಳು ಒಂದು ಗೆರೆ ಇಳಿದಿದ್ದೂ ಇದಕ್ಕೇ. ಬ್ರೇಕ್ ವಾಲ್ವುಗಳಿಗೆ ಕೂಲೆಂಟ್ ಹೋಗುವುದು ಹೀಟರ್ ತಣ್ಣಗಾಗುವುದಕ್ಕಿಂತ ಎಷ್ಟೋ ದೊಡ್ಡ ಅಪಾಯ. ಅದನ್ನು ಕೇಳಿ ನನ್ನ ಹೊಟ್ಟೆಯೊಳಗೆ ಒಂಥರಾ ಆಯಿತು.

ಕಂಪ್ರೆಸರ್ ಹೆಡ್ ಬಿಚ್ಚಿದಾಗ ಗ್ಯಾಸ್ಕೆಟ್ ಮೇಲೆ ಕಡ್ಡಿ ಅಗಲದ ಒಂದು ಕಪ್ಪು ದಾರಿ ಕಾಣಿಸಿತು, ಗಾಳಿಯ ಕಡೆಯಿಂದ ಕೂಲೆಂಟ್ ತೂತಿನವರೆಗೆ. ಹೆಡ್ ತಳ ಕೂಡ ತುಸು ಡೊಂಕು. ಸುಟ್ಟು ನೀಲಿಗಟ್ಟಿದ ಗುರುತೂ ಇತ್ತು. ನನ್ನ ಲೆಕ್ಕದಲ್ಲಿ ಆಗಿದ್ದು ಹೀಗೆ: ಮೊದಲ ದಿನ ನಾವು ಬಿಟ್ಟ 4 ಲೀಟರ್ ಗಾಳಿಯಲ್ಲಿ ಒಂದಿಷ್ಟು ಈ ಕಂಪ್ರೆಸರ್ ಹೆಡ್ಡಿನಲ್ಲೂ ಕೂತಿತ್ತು. ತಂಪು ಸಿಗದೆ ಅದು ದೆಹಲಿವರೆಗೂ ಸುಟ್ಟಿತು, ಗ್ಯಾಸ್ಕೆಟ್ ಸೋತಿತು. ನಾವು ಬಿಟ್ಟ ಗಾಳಿಯೇ ಹೊಸ ಗಾಳಿಗೆ ಬಾಗಿಲು ತೆಗೆಯಿತು. ಹಾಗಾಗಿ ಮಜೂರಿ ತೆಗೆದುಕೊಳ್ಳಲಿಲ್ಲ, ಸಾಮಾನಿನ ದುಡ್ಡು ಮಾತ್ರ ತೆಗೆದುಕೊಂಡೆ.

ಹೆಡ್ ತಳ ಸಮ ಮಾಡಿಸಿ, ಗ್ಯಾಸ್ಕೆಟ್ ಕಿಟ್ ಹಾಕಿದೆವು. ಬ್ರೇಕಿನ ಗಾಳಿಯ ತೇವ ಹೀರುವ ಏರ್ ಡ್ರೈಯರಿನ ಫಿಲ್ಟರ್ ಬದಲಾಯಿಸಿ, ಏರ್ ಟ್ಯಾಂಕುಗಳನ್ನು ಖಾಲಿ ಮಾಡಿ, ಬ್ರೇಕ್ ವಾಲ್ವುಗಳನ್ನು ಬಿಚ್ಚಿ ಒರೆಸಿ ನೋಡಿದೆವು. ಗಾಳಿ ತೆಗೆದಿದ್ದು ಹಿಂದಿನ ಹಾಗೇ. ಒಂದು ಕೆಲಸ ಮಾತ್ರ ಹೊಸದು: ಕಂಪ್ರೆಸರಿನಿಂದ ವಾಪಸ್ ಬರುವ ಪೈಪಿನ ನಟ್ಟನ್ನೂ ಸಡಿಲಿಸಿ, ಅಲ್ಲಿ ಧಾರೆ ಬರುವವರೆಗೆ ಕಾದೆ. ಬಾಟಲಿ ಪರೀಕ್ಷೆ ಮತ್ತೆ ಮಾಡಿದೆ. ಏರ್ ಮೀಟರ್ ಸೊನ್ನೆಯಿಂದ ಎಂಟಕ್ಕೆ ಹೋಯಿತು, ಟುಸ್ ಅಂದಿತು. ಒಂದು ಗುಳ್ಳೆಯೂ ಇಲ್ಲ.

ಕೂಲೆಂಟ್ ಸಿಸ್ಟಮ್ಮಿನ ಗಾಳಿಯನ್ನೆಲ್ಲ ಮೊದಲೇ ಎಳೆದು ಹಾಕಿ, ಆ ನಿರ್ವಾತಕ್ಕೆ ಕೂಲೆಂಟ್ ತುಂಬುವ ಉಪಕರಣ ಸಿಗುತ್ತದೆ. ಒಳ್ಳೆಯದು, ಕೆಲಸ ಬೇಗ ಆಗುತ್ತದೆ, ಸೋರಿಕೆ ಇದ್ದರೂ ಮೀಟರಿನಲ್ಲಿ ಅಲ್ಲೇ ತಿಳಿಯುತ್ತದೆ. ನಮ್ಮಲ್ಲಿ ಇನ್ನೂ ಇಲ್ಲ. ಜಗ್ಗು, ಗುರುತಿನ ಬಕೆಟ್, ತಾಳ್ಮೆ ಇದ್ದರೆ ಅದಿಲ್ಲದೆಯೂ ಆಗುತ್ತದೆ.

ಜನವರಿ ಕೊನೆಯಲ್ಲಿ ಗಾಡಿ ಮತ್ತೆ ದೆಹಲಿಗೆ ಹೋಯಿತು. ಆಗ್ರಾ ಹತ್ತಿರದಿಂದ ಡ್ರೈವರ್ ಬೆಳಗಿನ ಜಾವ ಫೋನ್ ಮಾಡಿದಾಗ ನನಗೆ ಎದೆ ಹೊಡೆದುಕೊಂಡಿತು. "ಏನಿಲ್ಲ ಅಣ್ಣಾ, ಸುಮ್ನೆ ಮಾಡ್ದೆ. ಗ್ಲಾಸ್ ಕ್ಲೀನಾಗಿದೆ. ಕಾಲಿಗೆ ಬೆಚ್ಚಗಿದೆ. ಈಗ ನಿಲ್ಸಿ ಏರ್ ಟ್ಯಾಂಕ್ ನೀರು ಬಿಟ್ಟೆ, ಬಣ್ಣ ಇಲ್ಲ." ಕೂಲೆಂಟ್ ಮಟ್ಟ ಎಲ್ಲಿದೆ ಅಂತ ಕೇಳಿದೆ. ಟಾರ್ಚ್ ಹಾಕಿ ನೋಡಿ ಬಂದು ಹೇಳಿದರು, ಗೆರೆ ಮೇಲೇ ಇದೆ ಅಂತ.